ಒಂದೇ ಗುಡ್ಡೆಗೆ ನಾಲ್ಕು ತಂಡದ ಕೋವಿ

ಬೇಟೆಯ ಪರವಾನಗಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಬರುವ ಮಾರ್ಚ್ ತಿಂಗಳ ಕೋವಿ ಬೇಟೆಗೆ ಈ ಬಾರಿಯೂ ನಮ್ಮ ಗುಡ್ಡೆಯನ್ನು ಸೇರಿಸಿದ್ದೀರಿ ಎಂಬುದು ಪಂಚಾಯತ್ ಕಟ್ಟಡದ ಗೋಡೆಗೆ ಅಂಟಿಸಿದ ನಿಮ್ಮ ಪ್ರಕಟಣೆಯಿಂದ ತಿಳಿಯಿತು. ಈಟಿ ಬೇಟೆಗೆ ಗುಡ್ಡೆಗೊಂದು ತಂಡ, ಕೋವಿ ಬೇಟೆಗೆ ಎಷ್ಟು ತಂಡಗಳಾದರೂ ಆದೀತು ಎಂಬ ಹಳೆಯ ನಿಯಮವನ್ನೇ ಮುಂದುವರಿಸಿದ್ದೀರಿ. ಎರಡು ವರ್ಷದ ಹಿಂದೆ ಇದೇ ನಿಯಮದಿಂದಾಗಿ ನಮ್ಮ ಊರಿನಲ್ಲಿ ಒಂದು ಮಗು ಹುಟ್ಟುತ್ತಲೇ ತೀರಿಕೊಂಡಿತು, ಒಬ್ಬ ಗಂಡಸಿನ ಕಾಲು ಕೆಲಸಕ್ಕೆ ಬಾರದಂತಾಯಿತು. ಇದನ್ನು ಆಗಲೇ ನಿಮಗೆ ತಿಳಿಸಿದ್ದೆ. ನೀವು ಸೌಜನ್ಯದಿಂದ ಉತ್ತರವನ್ನೂ ಕೊಟ್ಟಿರಿ. ಉತ್ತರ ಬಂತು, ನಿಯಮ ಬದಲಾಗಲಿಲ್ಲ. ಆದ್ದರಿಂದ ಈ ಸಲ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಕಾಪುವಿನವಳು. ಬೆಳ್ಮಣ್‌ನಿಂದ ಒಳಗೆ, ಬಸ್ಸು ಹಿಂದಿರುಗುವ ಜಾಗಕ್ಕಿಂತಲೂ ಒಳಗೆ, ಒಂದು ಆರೋಗ್ಯ ಉಪಕೇಂದ್ರದಲ್ಲಿ ದಾದಿಯಾಗಿ ಕೆಲವು ವರ್ಷಗಳಾದವು. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಉಪಕೇಂದ್ರ ಇರುವುದು ಗುಡ್ಡೆಯ ಈ ಬದಿಯಲ್ಲಿ. ಊರಿನ ಅರ್ಧದಷ್ಟು ಮನೆಗಳಿರುವುದು ಆ ಬದಿಯಲ್ಲಿ. ನಡುವೆ ಮರ ಪೊದೆಗಳ ಹಾಡಿ, ಹಾಡಿಯೊಳಗೆ ಒಂದು ಕಾಲುದಾರಿ. ರಸ್ತೆ ಹಿಡಿದು ಸುತ್ತಿ ಹೋಗಬಹುದು, ಆದರೆ ಬಸ್ಸು ಸಿಕ್ಕಿ, ಇಳಿದು, ಗದ್ದೆಬೈಲು ದಾಟಿ ತಲುಪುವಾಗ ಹೆರಿಗೆ ಮುಗಿದು ಹೊಕ್ಕುಳಬಳ್ಳಿ ಬಿದ್ದಿರುತ್ತದೆ. ಹಾಗಾಗಿ ನಮಗೆಲ್ಲ ದಾರಿ ಎಂದರೆ ಆ ಕಾಲುದಾರಿಯೇ. ನಿಮ್ಮ ನಕ್ಷೆಯಲ್ಲಿ ಅದು ಇಲ್ಲ ಎಂದು ಆಮೇಲೆ ಗೊತ್ತಾಯಿತು.

ಕಾಡುಹಂದಿಗಳ ಮೇಲೆ ನನಗೆ ವಿಶೇಷ ಪ್ರೀತಿ ಇದೆ ಎಂದು ದಯವಿಟ್ಟು ತಿಳಿಯಬೇಡಿ. ಬೆಳಿಗ್ಗೆ ಎದ್ದು ನೋಡುವಾಗ ಮರಗೆಣಸಿನ ಸಾಲು ಸಾಲೇ ಕಿತ್ತು ಮಗುಚಿ ಬಿದ್ದದ್ದನ್ನೂ ಅದರ ನಡುವೆ ಹೆಂಗಸರು ಅಳಿದುಳಿದದ್ದನ್ನು ಹೆಕ್ಕುತ್ತಿದ್ದದ್ದನ್ನೂ ಕಂಡವಳು ನಾನು. ಹಂದಿ ಹೊಡೆಯಬೇಡಿ ಎಂದು ನಾನು ಹೇಳಿದರೆ ಆ ಊರಿನಲ್ಲಿ ನನಗೆ ಒಂದು ಲೋಟ ನೀರು ಹುಟ್ಟಲಿಕ್ಕಿಲ್ಲ. ಅದು ನ್ಯಾಯವೂ ಹೌದು. ಈಟಿ ಬೇಟೆ ಬಹಳ ಸೌಮ್ಯವಾದದ್ದು ಎಂಬ ಭ್ರಮೆಯೂ ನನಗಿಲ್ಲ. ಹಂದಿಯ ಕೋರೆಹಲ್ಲು ಸೀಳಿದ ತೊಡೆಗಳಿಗೆ ಪಟ್ಟಿ ಕಟ್ಟಿದ್ದೇನೆ. ಕರುಳು ಹೊರಬಿದ್ದ ನಾಯಿಗಳನ್ನೂ ಹೊತ್ತು ತಂದು ನನ್ನ ಜಗಲಿಯಲ್ಲಿ ಮಲಗಿಸಿದ್ದುಂಟು. ಬೇಟೆ ಬೇಕೋ ಬೇಡವೋ ಎಂಬುದು ಈ ಪತ್ರದ ವಿಷಯವಲ್ಲ. ಒಂದು ಗುಡ್ಡೆಯಲ್ಲಿ ಎಷ್ಟು ಜನ ಬೇಟೆಗಾರರು ಹಿಡಿಸುತ್ತಾರೆ ಎಂಬುದು ವಿಷಯ.

ಮೊದಲು ಬೇಟೆ ಎಂದರೆ ಎಲ್ಲ ಒಟ್ಟಿಗೇ ಇತ್ತು. ೧೯೮೧ರಲ್ಲಿ ನೀವು ಅದನ್ನು ಭಾಗ ಮಾಡಿದಿರಿ: ಬಿಲ್ಲು, ಈಟಿ ಮತ್ತು ಬಲೆಯವರಿಗೆ ಫೆಬ್ರವರಿಯ ಕೊನೆಯ ಹದಿನೈದು ದಿನ, ಕೋವಿಯವರಿಗೆ ಮಾರ್ಚಿನ ಮೊದಲ ಹದಿನೈದು ದಿನ. ಬಿಲ್ಲು ಹಿಡಿದವರನ್ನು ನಮ್ಮ ಊರಿನವರು ಬಯಲಾಟದಲ್ಲಿ ಮಾತ್ರ ಕಂಡದ್ದು. ಆದರೂ ಅವರನ್ನು ಮರೆಯದೆ ಒಂದು ಪಾಲು ಇಟ್ಟ ನಿಮ್ಮ ಔದಾರ್ಯವನ್ನು ಎಲ್ಲರೂ ಮೆಚ್ಚಿದೆವು. ಎರಡು ಬಗೆಯವರು ಒಬ್ಬರಿಗೊಬ್ಬರು ಅಡ್ಡ ಬರುವುದು ತಪ್ಪಲಿ ಎಂಬ ನಿಮ್ಮ ಉದ್ದೇಶವೂ ಒಳ್ಳೆಯದೇ. ಎಡವಿದ್ದು ನಿಮ್ಮ ಆದೇಶದ ಮುಂದಿನ ವಾಕ್ಯದಲ್ಲಿ: ಈಟಿ ಬೇಟೆಯಲ್ಲಿ ಜನದಟ್ಟಣೆ ವಿಪರೀತವಾಗಿರುವುದರಿಂದ ಗುಡ್ಡೆಗೊಂದೇ ತಂಡ. ಕೋವಿ ತಂಡಗಳಲ್ಲಿ ಜನ ಕಡಿಮೆ ಇರುವುದರಿಂದ ಅಂಥ ನಿರ್ಬಂಧ ಅನಗತ್ಯ.

ತಲೆ ಎಣಿಸಿದರೆ ನಿಮ್ಮ ಮಾತು ಸರಿ. ಈಟಿಯ ದಿನ ಹಾಡಿಯಲ್ಲಿ ಅರವತ್ತು ಗಂಡಸರು, ಹೆಚ್ಚುಕಡಿಮೆ ಅಷ್ಟೇ ನಾಯಿಗಳು. ಕೋವಿಯ ದಿನ ನಾಲ್ಕು ತಂಡ ಸೇರಿದರೂ ಇಪ್ಪತ್ತು ಜನ ಆಗುವುದಿಲ್ಲ. ಹಾಗಾದರೆ ಅರವತ್ತು ಜನ ತುಂಬಿದ ಹಾಡಿಯಲ್ಲಿ ನಾನು ಚೀಲ ಹಿಡಿದು ನಿಶ್ಚಿಂತೆಯಿಂದ ನಡೆದುಹೋದದ್ದು ಹೇಗೆ? ಇಪ್ಪತ್ತು ಜನ ಇರುವ ಹಾಡಿಯ ಬದಿಯಲ್ಲಿ ಹೆಂಗಸರಿಗೆ ಬಾವಿಕಟ್ಟೆಗೆ ಹೋಗಲು ಧೈರ್ಯ ಸಾಲದ್ದು ಹೇಗೆ? ಈಟಿ ಹಿಡಿದವನ ಕೈ ಅವನೆದುರಿನ ಪೊದೆಯ ತನಕ ಹೋಗುತ್ತದೆ. ಕೋವಿಯ ಗುಂಡು ಅವನ ಕಣ್ಣಿಗೇ ಕಾಣದ ಹಟ್ಟಿಯ ತನಕ ಹೋಗುತ್ತದೆ. ನಾಲ್ಕು ದಿಕ್ಕಿನಿಂದ ನಾಲ್ಕು ತಂಡಗಳು ಕೂತರೆ ಆ ಗುಡ್ಡೆಯಲ್ಲಿ ಬೇರೆಯವರಿಗೆ ಕಾಲಿಡಲು ಎಲ್ಲಿ ಜಾಗ? ಇದಕ್ಕೆ ದಟ್ಟಣೆ ಎನ್ನುವುದಿಲ್ಲವಾದರೆ ಬೇರೆ ಯಾವ ಶಬ್ದ ನಿಮ್ಮಲ್ಲಿ ಇದೆ?

ಈಟಿಯ ತಂಡಕ್ಕೆ ನಮ್ಮ ಊರಿನ ಗಣಪ ಯಜಮಾನ. ವಯಸ್ಸಾದವನು, ಬಾಯಿ ಸ್ವಲ್ಪ ಜೋರು. ಬೇಟೆಯ ಹಿಂದಿನ ಸಂಜೆ ಅವನು ಮನೆ ಮನೆಗೆ ಬಂದು ಹೇಳಿ ಹೋಗುತ್ತಾನೆ. ನನ್ನಲ್ಲಿಗೂ ಬರುತ್ತಿದ್ದ.

"ನಾಳೆ ಗುಡ್ಡೆಯ ಮೇಲಿನ ಪದವಿನಿಂದ ಇಳಿಯುವುದು ನಾವು. ಬಲೆ ಕಟ್ಟುವುದು ಕೆಳಗೆ ನೀರಿನ ತೋಡಿನ ಹತ್ತಿರ. ನೀವು ಆ ಕಡೆ ಹೋಗುವುದು ಉಂಟಾ?"

"ಕರೆ ಬಂದರೆ ಹೋಗಬೇಕಲ್ಲ ಗಣಪಣ್ಣ."

"ಹೋಗಿ. ಹಾಡಿಗೆ ಬರುವಾಗ ಒಂದು ಕೂ ಹಾಕಿ. ನಾವು ನಾಯಿ ಹಿಡಿದುಕೊಳ್ಳುತ್ತೇವೆ."

ಒಮ್ಮೆ ಹಾಗೆಯೇ ಆಯಿತು. ನಾನು ಕೂ ಹಾಕಿದೆ, ಅವನು ಮೇಲಿನಿಂದ ಮರುಕೂ ಹಾಕಿದ. ಇಡೀ ಬೇಟೆ ನಿಂತಿತು. ಪೊದೆ ಪೊದೆಯ ಹಿಂದೆ ಒಬ್ಬೊಬ್ಬರು ಎದ್ದು ನಿಂತು ನನಗೆ ದಾರಿ ಬಿಟ್ಟರು. ಎಲ್ಲರೂ ಗುರುತಿನವರು, ಕೆಲವರ ಮಕ್ಕಳು ನನ್ನ ಕೈಯಲ್ಲೇ ಹುಟ್ಟಿದವು. ಆ ದಿನ ಹಂದಿ ತಪ್ಪಿಸಿಕೊಂಡಿತಂತೆ. ಗಣಪ ಅದನ್ನು ಹೇಳಿ ಒಂದು ವಾರ ನನಗೆ ತಮಾಷೆ ಮಾಡಿದ, ಬೈಯಲಿಲ್ಲ. ನಿಮ್ಮ ಪ್ರಕಾರ ಜನದಟ್ಟಣೆ ವಿಪರೀತವಾಗಿರುವ ಬೇಟೆ ಇದು.

ಇನ್ನು ಜನ ಕಡಿಮೆ ಇರುವ ಬೇಟೆಯ ಕಥೆ ಕೇಳಿ.

೧೯೮೨ರ ಮಾರ್ಚ್, ಒಂದು ಭಾನುವಾರ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಕೂಸಪ್ಪ ಗುಡ್ಡೆ ದಾಟಿ ಓಡಿ ಬಂದ. ಈ ಕೂಸಪ್ಪ ಕಾಪುವಿನ ಕಡಲ ಬದಿಯಿಂದ ಮೀನು ತಂದು ನಮ್ಮ ಕಡೆಯ ಮನೆಗಳಿಗೆ ಸೈಕಲ್ಲಿನಲ್ಲಿ ಮಾರುತ್ತಿದ್ದವನು. ನನ್ನ ಊರಿನ ಸುದ್ದಿ ನನಗೆ ತಲುಪುತ್ತಿದ್ದದ್ದು ಅವನಿಂದಲೇ. ಅವನ ಹೆಂಡತಿ ಸರಸಳಿಗೆ ಚೊಚ್ಚಲ ಹೆರಿಗೆ. ಹಿಂದಿನ ವಾರವೇ ನೋಡಿ ಬಂದಿದ್ದೆ. ಮಗು ಸರಿಯಾಗಿಯೇ ತಿರುಗಿತ್ತು.

"ನೋವು ಬರಲಿಕ್ಕೆ ಶುರುವಾಗಿದೆ ನರ್ಸಮ್ಮ. ಅಮ್ಮ ಒಬ್ಬರೇ ಇದ್ದಾರೆ."

ಅಮ್ಮ ಎಂದರೆ ಅವನ ತಾಯಿ ಅಮ್ಮಣ್ಣಿ. ಆಕೆಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಾನು ಚೀಲ ಎತ್ತಿಕೊಂಡು ಹೊರಟೆ. ಹಾಡಿಯ ನಡುವೆ ತಲುಪುವಾಗ ಮೊದಲ ಗುಂಡು ಕೇಳಿಸಿತು, ಬೈಲಿನ ಕಡೆಯಿಂದ. ಆ ದಿನ ಬೇಟೆ ಉಂಟೆಂದು ನಮಗೆ ಯಾರೂ ಹೇಳಿರಲಿಲ್ಲ. ಹದಿನೈದು ದಿನಗಳಲ್ಲಿ ಯಾವ ದಿನ, ಯಾವ ತಂಡ, ಯಾವ ಕಡೆಯಿಂದ ಬರುತ್ತದೆ ಎಂದು ಊರಿಗೆ ತಿಳಿಸುವ ಕ್ರಮ ನಿಮ್ಮ ನಿಯಮದಲ್ಲಿ ಇಲ್ಲ. ಇನ್ನೊಂದು ಗುಂಡು ಮೇಲಿನ ಪದವಿನಿಂದ ಬಂತು. ನಮ್ಮ ತಲೆಯ ಮೇಲೆ ಎಲೆಗಳು ಉದುರಿದವು. ಕೂಸಪ್ಪ ನನ್ನ ತೋಳು ಹಿಡಿದು, ದಾರಿಯ ಪಕ್ಕದಲ್ಲಿ ಕೆಂಪುಕಲ್ಲು ಕಡಿದ ಹಳೆಯ ಗುಂಡಿ ಇದೆಯಲ್ಲ, ಅದರೊಳಗೆ ಇಳಿಸಿದ.

ಆಳೆತ್ತರದ ಗುಂಡಿ ಅದು. ಅಲ್ಲಿ ಕೂತು ಕೂಸಪ್ಪ, ಗುಂಡು ಹಾರಿಸಬೇಡಿ ಎಂದು ಗಂಟಲು ಹರಿಯುವಂತೆ ಕೂಗಿದ. "ಜನ ಉಂಟು, ಬೆಡಿ ಬಿಡಬೇಡಿ. ಇಲ್ಲಿ ಜನ ಉಂಟು." ನಾನೂ ಕೂಗಿದೆ. ನಾವು ಕೂಗಿದಷ್ಟೂ ಗುಂಡುಗಳು ಹೆಚ್ಚಾದವು. ಕಾರಣ ನನಗೆ ಆಮೇಲೆ ತಿಳಿಯಿತು. ಹಂದಿ ಎಬ್ಬಿಸಲು ಪೊದೆಯಲ್ಲಿ ಜನ ಬೊಬ್ಬೆ ಹಾಕುವುದು ಕ್ರಮ. ಕೆಳಗಿನ ತಂಡದವರು ನಮ್ಮ ಕೂಗನ್ನು ಮೇಲಿನವರ ಬೊಬ್ಬೆ ಎಂದುಕೊಂಡರು, ಮೇಲಿನವರು ಕೆಳಗಿನವರದ್ದು ಎಂದುಕೊಂಡರು. ಎರಡೂ ಕಡೆಯವರು ಹಂದಿ ಬರುತ್ತದೆಂದು ನಮ್ಮತ್ತ ಕೋವಿ ತಿರುಗಿಸಿ ಸಿದ್ಧವಾದರು. ಸುಮ್ಮನಿದ್ದರೆ ನಾವು ಇರುವುದು ಗೊತ್ತಾಗುವುದಿಲ್ಲ, ಕೂಗಿದರೆ ನಾವೇ ಹಂದಿ ಎಬ್ಬಿಸುವವರು. ಮಾನ್ಯರೇ, ಇಂಥ ಸಂದರ್ಭದಲ್ಲಿ ಸಾರ್ವಜನಿಕರು ಏನು ಮಾಡತಕ್ಕದ್ದು ಎಂದು ನಿಮ್ಮ ನಿಯಮಾವಳಿಯಲ್ಲಿ ಎಲ್ಲಾದರೂ ಇದೆಯೇ?

ಸ್ವಲ್ಪ ಹೊತ್ತಿನಲ್ಲಿ ಒಂದು ಹೆಣ್ಣುಹಂದಿ ಮರಿಗಳ ಜೊತೆ ಅದೇ ಗುಂಡಿಗೆ ನುಗ್ಗಿತು. ನಮ್ಮನ್ನು ಕಂಡು ಎದುರಿನ ಮೂಲೆಯಲ್ಲಿ ನಿಂತಿತು. ಅದು ಏರಿ ಬಂದರೆ ನಮಗೆ ಓಡಲು ಜಾಗ ಇರಲಿಲ್ಲ. ಅದಕ್ಕೂ ಹೊರಗೆ ಹೋಗಲು ಧೈರ್ಯ ಇರಲಿಲ್ಲ. ಅದರ ಉಸಿರು ನಮಗೆ ಕೇಳಿಸುತ್ತಿತ್ತು. ಕೂಸಪ್ಪನಿಗೆ ಕೂರಲು ಆಗಲಿಲ್ಲ.

"ನಾನು ಮೇಲೆ ಹೋಗಿ ಮುಂಡು ಬೀಸುತ್ತೇನೆ. ಬಿಳಿ ಬಟ್ಟೆ ಕಂಡರೆ ನಿಲ್ಲಿಸುವುದಿಲ್ಲವಾ?"

"ಬೇಡ ಕೂಸಪ್ಪ. ಕೂತುಕೊ. ಈಗ ನಿಲ್ಲಿಸುತ್ತಾರೆ."

"ಅವಳಿಗೆ ನೋವು ನಿಲ್ಲುತ್ತದಾ ನರ್ಸಮ್ಮ?"

ಅವನು ಕಲ್ಲಿನ ಮೆಟ್ಟಿಲು ಹಿಡಿದು ಹತ್ತಿದ, ಅಂಚಿನಲ್ಲಿ ಎದ್ದು ನಿಂತ, ಮುಂಡನ್ನು ತಲೆಯ ಮೇಲೆ ಎತ್ತಿ ಬೀಸಿದ. ಆಮೇಲೆ ನನ್ನ ಪಕ್ಕಕ್ಕೇ ಬಿದ್ದ. ಗುಂಡು ತೊಡೆಗೆ ಹೊಕ್ಕಿತ್ತು. ರಕ್ತ ಚಿಮ್ಮುವುದನ್ನು ನೋಡಿದ ಕೂಡಲೇ ದೊಡ್ಡ ರಕ್ತನಾಳ ಕಡಿದಿದೆ ಎಂದು ತಿಳಿಯಿತು. ಚೀಲದಲ್ಲಿ ಹೆರಿಗೆಗೆಂದು ತಂದಿದ್ದ ಬಟ್ಟೆಯನ್ನೆಲ್ಲ ತುರುಕಿ, ಪಟ್ಟಿ ಬಿಗಿದು, ಮೇಲಿನಿಂದ ಎರಡು ಅಂಗೈಯಿಂದ ಒತ್ತಿ ಹಿಡಿದೆ. ಆ ಗಲಾಟೆಗೆ ಹಂದಿ ಮರಿಗಳೊಂದಿಗೆ ಹೊರಗೆ ಹಾರಿ ಹೋಯಿತು. ಅದರ ಹಿಂದೆ ಮತ್ತಷ್ಟು ಗುಂಡುಗಳು ಹೋದವು.

"ನನ್ನನ್ನು ಬಿಟ್ಟು ಹೋಗಿ," ಎಂದ ಕೂಸಪ್ಪ. "ಅಲ್ಲಿಗೆ ಹೋಗಿ."

"ಕೈ ತೆಗೆದರೆ ನೀನು ಉಳಿಯುವುದಿಲ್ಲ."

"ಅಮ್ಮನಿಗೆ ಕಣ್ಣು ಕಾಣುವುದಿಲ್ಲ ಅಲ್ವಾ. ಹೋಗಿ ನರ್ಸಮ್ಮ."

ನಾನು ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಆ ಬದಿಯ ಮನೆಯಲ್ಲಿ ಬೇಕಾಗಿದ್ದ ನನ್ನ ಎರಡು ಕೈಗಳು ಆ ಗುಂಡಿಯೊಳಗೆ ಸಿಕ್ಕಿಬಿದ್ದಿದ್ದವು. ಎಷ್ಟು ಹೊತ್ತು ಎಂದು ನಿಮ್ಮ ವಿಚಾರಣೆಯಲ್ಲಿ ಕೇಳಿದಿರಿ. ನಾನು ಗಡಿಯಾರ ನೋಡುವ ಸ್ಥಿತಿಯಲ್ಲಿ ಇರಲಿಲ್ಲ ಎಂದು ಆಗಲೂ ಹೇಳಿದ್ದೇನೆ. ಬಿಸಿಲು ಗುಂಡಿಯ ತಳದ ತನಕ ಇಳಿದಿತ್ತು ಎಂಬುದಷ್ಟೇ ನೆನಪು.

ಕೊನೆಗೆ ನಮ್ಮನ್ನು ಕಂಡದ್ದು ಉಡುಪಿಯಲ್ಲಿ ಬೇಕರಿ ನಡೆಸುವ ಲಿಯೋನೆಲ್ ಎಂಬವರು. ಮೇಲಿನ ತಂಡಗಳಲ್ಲಿ ಒಂದರವರು. ಹಂದಿಯ ಜಾಡು ಹಿಡಿದು ಬಂದು ಗುಂಡಿಗೆ ಇಣುಕಿದರು. ಕೋವಿಯನ್ನು ಅಲ್ಲೇ ಕೆಳಗಿಟ್ಟು ಇಳಿದು ಬಂದರು.

"ಇಲ್ಲಿ ದಾರಿ ಉಂಟೆಂದು ನಮಗೆ ಗೊತ್ತಿಲ್ಲ ಸಿಸ್ಟರ್. ಕೆಳಗೆ ಬೇರೆ ತಂಡ ಉಂಟೆಂದೂ ಗೊತ್ತಿಲ್ಲ. ಅವರ ಗುಂಡು ಬರುವಾಗ ನಾವು ಅಷ್ಟು ಜನರೂ ನೆಲಕ್ಕೆ ಮಲಗಿದ್ದೆವು. ಈ ಗುಡ್ಡೆ ನಮಗೆ ಮಾತ್ರ ಕೊಟ್ಟದ್ದು ಅಂತ ಗ್ರಹಿಸಿದ್ದೆ ನಾನು."

ಹಾಗೆಂದು ನಾಲ್ಕೂ ತಂಡದವರು ಗ್ರಹಿಸಿದ್ದರು, ಮಾನ್ಯರೇ. ಏಕೆಂದರೆ ನಾಲ್ಕಕ್ಕೂ ನೀವು ಪ್ರತ್ಯೇಕವಾಗಿ ಇದೇ ಗುಡ್ಡೆಯನ್ನು ಕೊಟ್ಟಿದ್ದಿರಿ, ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ. ಗಾಯ ಒತ್ತಿ ಹಿಡಿಯಲು ತಮ್ಮವರೊಬ್ಬರನ್ನು ಕೂರಿಸಿಕೊಂಡು ಲಿಯೋನೆಲ್ ತಮ್ಮ ಜೀಪಿನಲ್ಲಿ ಕೂಸಪ್ಪನನ್ನು ಮಣಿಪಾಲದ ಆಸ್ಪತ್ರೆಗೆ ಕೊಂಡೊಯ್ದರು, ಎರಡು ದಿನ ಅಲ್ಲಿಯೇ ಕೂತರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕೂಸಪ್ಪನಿಗೆ ತಗಲಿದ್ದು ಯಾರ ಗುಂಡೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪ್ರತಿ ತಂಡವೂ ಬೇರೆ ಮೂರು ತಂಡಗಳನ್ನು ತೋರಿಸಬಹುದು. ನಿಮ್ಮ ನಿಯಮ ಅವರೆಲ್ಲರಿಗೆ ಮಾಡಿಕೊಟ್ಟ ಅನುಕೂಲ ಅದು.

ಆ ದಿನ ಲಿಯೋನೆಲ್ ಅವರ ಇನ್ನೊಬ್ಬ ಜೊತೆಗಾರರು ಮುಂದಿನಿಂದ ಅಂಗಿ ಬಿಚ್ಚಿ ಬೀಸುತ್ತ, ಬೊಬ್ಬೆ ಹಾಕುತ್ತ ನಡೆದರು. ನಾನು ಹಿಂದಿನಿಂದ ಓಡಿದೆ. ಕೂಸಪ್ಪನ ಮನೆಯ ಅಂಗಳ ತಲುಪುವಾಗ ಅಮ್ಮಣ್ಣಿ ಹೊಸ್ತಿಲಲ್ಲಿ ಕೂತಿದ್ದರು. ಮಡಿಲಲ್ಲಿ ಹಳೆಯ ಸೀರೆಯ ಗಂಟು.

"ಹೆಣ್ಣು," ಎಂದರು. "ಕುತ್ತಿಗೆಗೆ ಬಳ್ಳಿ ಸುತ್ತಿತ್ತು. ಕೈಗೆ ತಾಗಿತು ನನಗೆ. ಬಿಡಿಸಲಿಕ್ಕೆ ಆಗಲಿಲ್ಲ."

ಬಿಚ್ಚಿ ನೋಡಿದೆ. ತುಂಬಿದ ಮಗು. ತಲೆ ತುಂಬ ಕೂದಲು ಇತ್ತು. ಬಳ್ಳಿ ಸುತ್ತಿಕೊಂಡು ಹುಟ್ಟಿದ ಮಕ್ಕಳನ್ನು ನಾನು ಎಷ್ಟೋ ಸಲ ಬಿಡಿಸಿ ಉಳಿಸಿಕೊಂಡಿದ್ದೇನೆ. ಕೆಲವು ಸಲ ಉಳಿದದ್ದಿಲ್ಲ. ಈ ಮಗು ಉಳಿಯುತ್ತಿತ್ತು ಎಂದು ಆಣೆ ಇಟ್ಟು ಹೇಳಲಾರೆ. ಅದಕ್ಕೆ ಸಿಗಬೇಕಾಗಿದ್ದ ಅವಕಾಶ ಸಿಗಲಿಲ್ಲ ಎಂದು ಮಾತ್ರ ಹೇಳುತ್ತೇನೆ.

ಒಳಗೆ ಸರಸ ಮಲಗಿದ್ದಳು. ನನ್ನ ಸೀರೆಯ ತುಂಬ ಅವಳ ಗಂಡನ ರಕ್ತ. ಅವಳು ಮೊದಲು ಅದನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅವರು ಇದ್ದಾರಾ?"

"ಇದ್ದಾನೆ. ಕಾಲಿಗೆ ತಗಲಿದೆ. ಮಣಿಪಾಲಕ್ಕೆ ಹೋಗಿದ್ದಾನೆ."

ಅವಳು ಕಣ್ಣು ಮುಚ್ಚಿಕೊಂಡಳು. "ಬೆಡಿಯ ಶಬ್ದ ಕೇಳುವಾಗ ನಾನು ಕಿರುಚಲಿಲ್ಲ ನರ್ಸಮ್ಮ," ಎಂದಳು. "ನನ್ನ ಸ್ವರ ಕೇಳಿ ನೀವು ಹೆದರಿ ಓಡಿ ಬರುವುದು ಬೇಡ ಅಂತ. ಮೆಲ್ಲ ಬರಲಿ ಅಂತ."

ಇದನ್ನು ನಾನು ನಿಮ್ಮ ಕಚೇರಿಯಲ್ಲಿ ಹೇಳಲಿಲ್ಲ.

ನಿಮ್ಮಲ್ಲಿಗೆ ಬಂದ ದಿನ ನೀವು ಕುರ್ಚಿ ಕೊಟ್ಟಿರಿ, ಕಾಫಿ ತರಿಸಿದಿರಿ. ಎಲ್ಲ ಕೇಳಿದ ಮೇಲೆ ಬಹಳ ಮೃದುವಾಗಿ, "ನೋಡಿ ಅಮ್ಮ, ಆ ಒಂದು ದಿನ ನೀವು ಆ ದಾರಿಯಲ್ಲಿ ಹೋಗದೆ ಇದ್ದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ," ಎಂದಿರಿ. ಹೌದು ಮಾನ್ಯರೇ, ಸರಸ ಆ ಒಂದು ದಿನ ಹೆರದೆ ಇದ್ದಿದ್ದರೂ ಬರುತ್ತಿರಲಿಲ್ಲ. ಹೆರಿಗೆಗಳಿಗೂ ಹದಿನೈದು ದಿನ ಗೊತ್ತುಮಾಡುವ ಅಧಿಕಾರ ನಿಮಗಿದ್ದರೆ ದಯವಿಟ್ಟು ಬಳಸಿ, ನನಗಿಲ್ಲ. ಆಮೇಲೆ ಬಂದ ನಿಮ್ಮ ಉತ್ತರದಲ್ಲಿ ನಾನೂ ಕೂಸಪ್ಪನೂ 'ಬೇಟೆ ಪ್ರದೇಶದಲ್ಲಿ ಕಂಡುಬಂದ ಅನಧಿಕೃತ ವ್ಯಕ್ತಿಗಳು'. ಪೊಲೀಸರನ್ನು ಕೇಳಿದರೆ ಅನುಮತಿ ಕೊಟ್ಟವರನ್ನು ಕೇಳಿ ಎಂದರು. ಅನುಮತಿ ಕೊಟ್ಟ ನೀವು ಗುಂಡು ಬಿಟ್ಟವರನ್ನು ಪೊಲೀಸರು ಹುಡುಕಲಿ ಎಂದಿರಿ. ಈ ಎರಡು ಬಾಗಿಲುಗಳ ನಡುವೆ ಎರಡು ವರ್ಷ ಓಡಾಡಿದ್ದೇನೆ.

ಕಳೆದ ವರ್ಷದ ಮಾರ್ಚಿನಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ನಿಮ್ಮ ಪ್ರಕಟಣೆಯಲ್ಲಿ ಸಂತೋಷಪಟ್ಟಿದ್ದೀರಿ. ಆಗದಿದ್ದದ್ದು ಯಾಕೆಂದು ಕೇಳಿದ್ದೀರಾ? ಊರಿಗೆ ಊರೇ ಬಾಗಿಲು ಹಾಕಿ ಒಳಗೆ ಕೂತಿತ್ತು. ದನಗಳನ್ನು ಬಿಡಲಿಲ್ಲ. ತರಗೆಲೆ ತರಲು ಯಾರೂ ಹೋಗಲಿಲ್ಲ. ಚುಚ್ಚುಮದ್ದಿನ ದಿನ ನಾನು ಔಷಧ ತೆರೆದಿಟ್ಟು ಕೂತೆ. ಆ ಬದಿಯಿಂದ ಒಬ್ಬ ತಾಯಿಯೂ ಬರಲಿಲ್ಲ. ಆ ಬದಿಯ ಮಕ್ಕಳು ಬಾರದೆ ಶಾಲೆಯ ಮಾಸ್ತರರು ಖಾಲಿ ಬೆಂಚುಗಳಿಗೆ ಪಾಠ ಮಾಡಿದರು. ಕಡಲ ಬದಿಯಲ್ಲಿ ಬೆಳೆದ ನಾನು ಕಿಟಕಿ ಮುಚ್ಚಿ ಮಲಗಿದವಳಲ್ಲ. ಕಳೆದ ಮಾರ್ಚಿನಲ್ಲಿ ಹಗಲಿಗೇ ಕಿಟಕಿ ಹಾಕಿ, ಗೋಡೆಗೆ ತಾಗಿ ಕೂತು, ಒಂದೊಂದು ಗುಂಡಿನ ಶಬ್ದಕ್ಕೂ ಅದು ಯಾವ ಕಡೆಯದ್ದೆಂದು ಕಿವಿ ಕೊಡುತ್ತಿದ್ದೆ. ಹೊರಗೆ ಇಪ್ಪತ್ತು ಜನ, ಒಳಗೆ ಇಡೀ ಊರು. ಹಂದಿಗಳು ಏನಾದವು ಎಂದರೆ, ಗುಡ್ಡೆ ಬಿಟ್ಟು ಬೈಲಿಗೆ ಇಳಿದು ಗೆಣಸು ತಿಂದವು.

ಈಗ ಈ ಪತ್ರದ ತುರ್ತು ಏನೆಂದು ಹೇಳುತ್ತೇನೆ. ಸರಸ ಮತ್ತೆ ಗರ್ಭಿಣಿ. ನನ್ನ ಲೆಕ್ಕದಲ್ಲಿ ಮಾರ್ಚಿನ ಮೊದಲ ವಾರ, ತಪ್ಪಿದರೆ ಎರಡನೆಯ ವಾರ. ಉಚ್ಚಿಲದ ತಾಯಿಮನೆಗೆ ಹೋಗು ಎಂದೆ. ತಾಯಿ ತೀರಿಕೊಂಡಿದ್ದಾರೆ, ಅಣ್ಣನ ಮನೆಯಲ್ಲಿ ಮಲಗಲು ಮೂಲೆ ಇಲ್ಲ. ಮೊದಲೇ ಹೋಗಿ ಮಣಿಪಾಲದಲ್ಲಿ ಇರು ಎಂದೆ. ಕೂಸಪ್ಪನಿಗೆ ಈಗ ಸೈಕಲ್ ತುಳಿಯಲು ಆಗುವುದಿಲ್ಲ, ಬೆಳ್ಮಣ್ ಪೇಟೆಯಲ್ಲಿ ಕೂತು ಮೀನು ಮಾರುತ್ತಾನೆ. ಅಮ್ಮಣ್ಣಿಗೆ ಇದ್ದಷ್ಟು ಕಣ್ಣೂ ಹೋಗಿದೆ. ಮನೆ ಬಿಟ್ಟು ಸರಸ ವಾರಗಟ್ಟಲೆ ಎಲ್ಲಿಗೆ ಹೋಗಬೇಕು? ಹಾಗೆ ಹೋದರೂ, ಆ ಬದಿಯಲ್ಲಿ ಅದೇ ತಿಂಗಳು ಹೆರಬೇಕಾದವರು ಇನ್ನೂ ಇದ್ದಾರೆ. ಅವರನ್ನೆಲ್ಲ ಎಲ್ಲಿಗೆ ಕಳಿಸಲಿ?

ಬೇಟೆ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕೋವಿಗೂ ಗುಡ್ಡೆಗೊಂದೇ ತಂಡ ಎಂದು ಮಾಡಿ. ಯಾವ ದಿನ, ಯಾವ ಕಡೆಯಿಂದ ಎಂದು ಹಿಂದಿನ ಸಂಜೆ ಮನೆ ಮನೆಗೆ ಹೇಳಿಸಿ. ಓದುಬರಹ ಬಾರದ ಗಣಪನಿಂದ ಆಗುವ ಕೆಲಸ ನಿಮ್ಮ ಇಲಾಖೆಯಿಂದ ಆಗದೆ? ಕಾಲುದಾರಿಯನ್ನು ನಕ್ಷೆಯಲ್ಲಿ ಸೇರಿಸಿ, ಅದರ ಎರಡೂ ಬದಿಯಲ್ಲಿ ಕೋವಿ ಎತ್ತಬಾರದೆಂದು ಬರೆಯಿರಿ. ಇಷ್ಟಕ್ಕೆ ಈ ವರ್ಷ ಪುರುಸೊತ್ತು ಇಲ್ಲದಿದ್ದರೆ ಈ ವರ್ಷದ ಮಟ್ಟಿಗೆ ನಮ್ಮ ಗುಡ್ಡೆಯನ್ನು ಬಿಟ್ಟುಬಿಡಿ. ಹಂದಿಗಳ ಜೊತೆ ನಾವು ಹೇಗೋ ಮಾತನಾಡಿಕೊಳ್ಳುತ್ತೇವೆ.

ಕಳೆದ ವಾರ ನೋಡಲು ಹೋದಾಗ ಸರಸ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಆ ವಾರ ಬೆಡಿ ಉಂಟಾ ನರ್ಸಮ್ಮ?" ವಿಚಾರಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ. ಬರುವ ಬುಧವಾರ ಮತ್ತೆ ಹೋಗುವುದಿದೆ. ನಿಮ್ಮಿಂದ ನನಗೆ ಉದ್ದದ ಉತ್ತರ ಬೇಡ. ಉಂಟು ಅಥವಾ ಇಲ್ಲ, ಎರಡರಲ್ಲಿ ಒಂದು ಶಬ್ದ ಬರೆದು ಕಳಿಸಿ. ಅವಳ ಕಣ್ಣು ನೋಡಿ ಹೇಳುವುದನ್ನು ನಾನು ಹೇಳುತ್ತೇನೆ.

ಇಂತಿ,
ಕರೆ ಬಂದರೆ ಆ ದಿನವೂ ಹೊರಡಲೇಬೇಕಾದ,
ನಳಿನಾಕ್ಷಿ, ದಾದಿ
ಬೆಳ್ಮಣ್ ಕಡೆಯ ಒಂದು ಉಪಕೇಂದ್ರ, ಜನವರಿ ೧೯೮೪